ಲಾರಿಯ ನೆಲ

ಗಾಡಿ ಕೊಳ್ಳಲು ಹೋದವನು ಅದರ ನೆಲ ನೋಡಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಎತ್ತಿಗೆ ಹಲ್ಲು ನೋಡುತ್ತೇವೆ, ಕುರಿಗೆ ಬೆನ್ನು ಒತ್ತಿ ನೋಡುತ್ತೇವೆ, ಹೆಣ್ಣು ನೋಡಲು ಹೋದರೆ ಹಾಡು ಹೇಳಿಸುತ್ತೇವೆ. ಮನೆ ಕೊಳ್ಳುವಾಗಲೂ ತಲೆ ಮೇಲೆತ್ತಿ ತೊಲೆ ಎಣಿಸುತ್ತೇವೆಯೇ ಹೊರತು ಕಾಲ ಕೆಳಗಿನದನ್ನು ವಿಚಾರಿಸುವುದಿಲ್ಲ. ನೆಲ ಎಂದ ಮೇಲೆ ಅದು ಇದ್ದೇ ಇರುತ್ತದೆ ಎಂಬ ನಂಬಿಕೆ. ಆ ನಂಬಿಕೆಯಿಂದಲೇ ನಾನು ಬೆಂಗಳೂರಿನ ದಂಡಿನ ಹರಾಜಿನಲ್ಲಿ ಒಂದು ಹಳೆಯ ಮಿಲಿಟರಿ ಲಾರಿ ಕೊಂಡು ನಮ್ಮ ಶ್ರೀರಾಂಪುರಕ್ಕೆ ತಂದೆ.

ಜರ್ಮನ್ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಕೊಬ್ಬರಿ ವ್ಯಾಪಾರದವನು. ಲಾರಿ ಬೇಕಾದದ್ದು ಕೊಬ್ಬರಿ ಸಾಗಿಸಲು ಎಂದು ಮನೆಯಲ್ಲಿ ಹೇಳಿದ್ದೆ. ನಿಮ್ಮ ಹತ್ತಿರ ಮುಚ್ಚುವುದೇಕೆ, ಬೇಕಾದದ್ದು ಹಾರ್ನ್ ಒತ್ತಲು. ಹರಾಜಿನಲ್ಲಿ ಎಂಜಿನ್ನಿನ ಸದ್ದು ಕೇಳಿದೆ, ಚಕ್ರಗಳನ್ನು ಒದ್ದು ನೋಡಿದೆ, ರಬ್ಬರ್ ಬುರುಡೆಯ ಹಾರ್ನನ್ನು ಅಕ್ಕಪಕ್ಕದವರು ಬೈಯುವವರೆಗೆ ಒತ್ತಿದೆ. ನೆಲದ ಮೇಲೆ ಗೋಣಿತಾಟು ಹಾಸಿದ್ದರು. "ಮರದ ಹಲಗೆಯಲ್ಲ, ಪೂರಾ ಕಬ್ಬಿಣದ ತಗಡು" ಎಂದ ಹರಾಜಿನವನು. ಅಂಥ ದೊಡ್ಡ ಮನುಷ್ಯನ ಎದುರು ತಾಟು ಎತ್ತಿ ನೋಡುವುದು ಮರ್ಯಾದೆಯಲ್ಲ ಎನಿಸಿತು. ದಂಡಿನಲ್ಲೇ ಕೆಲವು ದಿನ ಓಡಿಸುವುದು ಕಲಿತು ಹೊರಟೆ. ಹಿರಿಯೂರು ದಾಟುವಾಗ ರಸ್ತೆಯ ಧೂಳು ಎದುರಿನಿಂದ ಬರದೆ ಕಾಲ ಕೆಳಗಿನಿಂದ ಏಳುತ್ತಿತ್ತು. ಮೋಟಾರಿನ ರೀತಿಯೇ ಹೀಗಿರಬೇಕು ಎಂದುಕೊಂಡೆ.

ಊರಿನಲ್ಲಿ ನನ್ನ ಜಂಬಕ್ಕೆ ಕಡಿವಾಣವಿರಲಿಲ್ಲ. ಹರಾಜಿನವನು ಹೇಳಿದ್ದನ್ನೇ ಹಿಡಿದು, ಯುದ್ಧಕ್ಕೆಂದು ಸಮುದ್ರದಾಚೆ ಬಸ್ರಾಕ್ಕೆ ಹೋಗಿ ಬಂದ ಗಾಡಿ, ಗುಂಡೇಟು ಬಿದ್ದ ಸಿಪಾಯಿಗಳನ್ನು ಹೊತ್ತ ಗಾಡಿ ಎಂದು ಕಂಡಕಂಡವರಿಗೆ ಹೇಳಿದೆ. ಬೆಂಗಳೂರಿನಿಂದಾಚೆ ಹೆಜ್ಜೆ ಇಡದ ನಾನು ಬಸ್ರಾದ ಮರಳಿನ ಬಣ್ಣವನ್ನೂ ವರ್ಣಿಸಿದೆ.

ಲಾರಿ ನೋಡಲು ಐಮಂಗಲದಿಂದ ಭಾವ ಬಂದರು. ನಮ್ಮ ಅಕ್ಕನ ಗಂಡ. ತೂಕದ ಮನುಷ್ಯ, ಎಲ್ಲ ಅರ್ಥದಲ್ಲೂ. ಮೇಲೆ ಹತ್ತಿ ಎರಡು ಹೆಜ್ಜೆ ಇಟ್ಟದ್ದೇ ತಡ, ಬಲಗಾಲು ಮೊಣಕಾಲಿನವರೆಗೆ ಮಾಯವಾಯಿತು.

"ಲೇ, ನಿನ್ನ ಲಾರಿ ನನ್ನ ನುಂಗ್ತಾ ಐತೆ! ಹಿಡ್ಕಳ್ರೋ!"

ಕೆಳಗೆ ನೆರಳಿನಲ್ಲಿ ಕೆದಕುತ್ತಿದ್ದ ಕೋಳಿಗಳು ಆಕಾಶದಿಂದ ಇಳಿದ ಕಾಲನ್ನು ಸುತ್ತುವರಿದು ನೋಡುತ್ತಿದ್ದವು. ಭಾವನನ್ನು ಮೇಲೆಳೆದು ಗೋಣಿತಾಟು ಎತ್ತಿದೆವು. ಕೈಯಲ್ಲಿ ಮುಟ್ಟಿದರೆ ತಗಡು ಸುಟ್ಟ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು.

ಇದನ್ನೆಲ್ಲ ಅವ್ವ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದಳು. ಲಾರಿಯ ವಿಚಾರದಲ್ಲಿ ನನಗೆ ಹಾರ್ನಿಗಿಂತ ದೊಡ್ಡದೊಂದು ಆಸೆಯಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅವ್ವನ ತಂಗಿ, ನಮ್ಮ ಚಿಕ್ಕವ್ವ, ತಾಳ್ಯದಲ್ಲಿದ್ದಳು. ಹಾಸಿಗೆ ಹಿಡಿದಿದ್ದಳು. ಅಷ್ಟು ದೂರ ಎತ್ತಿನ ಗಾಡಿಯಲ್ಲಿ ಹೋಗಲು ಅವ್ವನ ಸೊಂಟಕ್ಕೆ ಆಗದು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿ ವರ್ಷಗಳಾಗಿದ್ದವು. ಇಬ್ಬರಲ್ಲಿ ಯಾರೊಬ್ಬರು ತೀರಿಕೊಂಡರೂ ಆ ಭೇಟಿ ಇನ್ನಿಲ್ಲ ಎಂಬ ಭಯ ನನಗಿತ್ತು. ಲಾರಿಯಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಾಳ್ಯ. ಹಾಗೆಂದು ಹೇಳಿದರೆ ಅವ್ವ ಒಂದೇ ಮಾತು ಅಂದಳು:

"ಸತ್ತೋರ್ನ ಹೊತ್ತ ಗಾಡೀಲಿ ನಾನು ಹೆಂಗೆ ಕುಂತ್ಕಳ್ಳಲಿ?"

"ಸತ್ತೋರಲ್ಲವ್ವ, ಗಾಯ ಆದೋರು."

"ಗಾಯ ಆದೋರೆಲ್ಲ ದಾರೀಲಿ ಬದುಕಿದ್ರಾ?"

ಹರಾಜಿನವನು ಅಷ್ಟು ವಿವರ ಕೊಟ್ಟಿರಲಿಲ್ಲ. ಲಿಂಗ ಕಟ್ಟಿದ ನಮ್ಮವರಿಗೆ ಸೂತಕವಿಲ್ಲ ಎಂದು ಮಠದ ಸ್ವಾಮಿಗಳೇ ಹೇಳುತ್ತಾರಲ್ಲ ಎಂದೆ. ಅದು ಅವ್ವನಿಗೂ ಗೊತ್ತು. ಸ್ವಾಮಿಗಳು ಹೇಳುವಾಗ ಭಕ್ತಿಯಿಂದ ತಲೆಯಾಡಿಸಿ, ಮನೆಗೆ ಬಂದು ತಲೆಗೆ ನೀರು ಕಾಯಿಸುವುದು ನಮ್ಮ ಹೆಂಗಸರ ಹಳೆಯ ಪದ್ಧತಿ. ನಾನು ವಾದ ಬಿಟ್ಟೆ. ಮೊದಲು ನೆಲವಾಗಲಿ, ಆಮೇಲೆ ಅವ್ವನನ್ನು ಒಪ್ಪಿಸೋಣ ಎಂದು ಕಮ್ಮಾರ ಈರಣ್ಣನನ್ನು ಕರೆಸಿದೆ.

ತುಕ್ಕಿನ ಸ್ವಭಾವ ನಿಮಗೆ ಗೊತ್ತಿರಬಹುದು. ತಾಮ್ರದ ಚೊಂಬಿನ ಕಿಲುಬು ಬಹಳ ಸಂಭಾವಿತ. ಹುಣಸೆಹಣ್ಣು ಕಂಡರೆ ಜಾಗ ಖಾಲಿ ಮಾಡುತ್ತದೆ. ತುಕ್ಕು ಹಾಗಲ್ಲ, ಕರೆಯದೆ ಬಂದು ಉಳಿದುಕೊಳ್ಳುವ ನೆಂಟ. "ಗಟ್ಟಿ ತಗಡು ಸಿಗೋಮಟ ಕತ್ತರಿಸ್ಬೇಕ್ರೀ" ಎಂದ ಈರಣ್ಣ, ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತ ಹೋದ. ಭಾವನ ಕಾಲಿನಷ್ಟಿದ್ದ ತೂತು ಮೊರದಷ್ಟಾಯಿತು, ಚಾಪೆಯಷ್ಟಾಯಿತು. ಸಂಜೆಯಾದರೂ ಗಟ್ಟಿ ತಗಡು ಸಿಗಲಿಲ್ಲ, ನೆಲವೇ ಉಳಿಯಲಿಲ್ಲ. ಸೀಟಿನಲ್ಲಿ ಕುಳಿತು ಕೆಳಗೆ ನೋಡಿದರೆ ಶ್ರೀರಾಂಪುರ ಕಾಣುತ್ತಿತ್ತು. ಕಡೆಗೆ ಚಿತ್ರದುರ್ಗದ ಪೇಟೆಯಿಂದ ಹೊಸ ತಗಡು ತರಿಸಿ, ಕಾಯಿಸಿದ ರಿವೀಟು ಬಡಿದು ಕೂರಿಸಿ, ಮೇಲೆ ಕೆಂಪು ಬಣ್ಣ ಹೊಡೆದೆವು. ಭಾವ ಮತ್ತೆ ಬಂದರು. ಕೋಲಿನಲ್ಲಿ ಕುಟ್ಟಿ ನೋಡಿದ ಮೇಲೆಯೇ ಹತ್ತಿದರು.

ಇನ್ನೇನು ಹೊರಡಬೇಕು, ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಕೈಕೊಟ್ಟಿತು. ಅದು ಬೆಂಗಳೂರಿನಿಂದ ಬರುವಷ್ಟರಲ್ಲಿ ಮಳೆಗಾಲ ಕಳೆಯಿತು. ಲಾರಿ ಮನೆ ಮುಂದಿನ ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ನಾನು ದಿನಾ ಹೋಗಿ ಹಾರ್ನ್ ಒತ್ತಿ ಬರುತ್ತಿದ್ದೆ. ನೆಲ ನೋಡಿದೆನೇ? ಇಲ್ಲ. ಒಂದು ಸಲ ರಿಪೇರಿಯಾದ ನೆಲವನ್ನು ಮತ್ತೆ ಯಾರು ನೋಡುತ್ತಾರೆ!

ಮ್ಯಾಗ್ನೆಟೋ ಬಂದ ದಿನ ಟಾರ್ಪಾಲು ತೆಗೆದೆ. ಹೊಸ ತಗಡು ಕಂದು ಬಣ್ಣಕ್ಕೆ ತಿರುಗಿ ಹೊಪ್ಪಳೆ ಎದ್ದಿತ್ತು. ನನ್ನ ಪಿತ್ತ ನೆತ್ತಿಗೇರಿತು. ಈರಣ್ಣನನ್ನು ಕರೆಸಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಅವನು ಉಗುರಿನಲ್ಲಿ ಒಂದು ಚೂರು ಕೆರೆದು ಮೂಸಿ ನೋಡಿದ.

"ಸ್ವಾಮಿ, ತಗಡು ಹಾಕಿದ್ದು ನಾನು. ಅದರ ಮ್ಯಾಲೆ ಸಗಣಿ ಬಳಿದೋರು ಯಾರ್ರೀ?"

ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಅವ್ವ ತಲೆಯೆತ್ತದೆ ಹೇಳಿದಳು: "ನಾನು ಕಣಪ್ಪ. ಸೋಮಾರ ಸೋಮಾರ ಸಾರಿಸ್ತೀನಿ."

ಹತ್ತುವುದಿಲ್ಲ ಎಂದವಳು ನೀರಿನ ಬಕೀಟು ಹಿಡಿದು, ಒರಳುಕಲ್ಲಿನ ಮೇಲೆ ಕಾಲಿಟ್ಟು, ಮಳೆಗಾಲವಿಡೀ ಹತ್ತಿ ಇಳಿದಿದ್ದಳು!

"ಯಾಕವ್ವ ಹಿಂಗೆ ಮಾಡ್ದೆ? ಕಬ್ಬಿಣ ಅದು!"

"ಕಬ್ಬಿಣ ಆದ್ರೇನು, ನೆಲ ಅಲ್ವಾ? ಹೆಣ ಎತ್ತಿದ ಮ್ಯಾಲೆ ಮನೆ ತೊಳ್ದು ಸಾರಿಸ್ತೀವಿ. ಇದರಾಗೆ ಎಷ್ಟು ಜನ ಹಡೆದವ್ವಂದಿರ ಮಕ್ಳು ಜೀವ ಬಿಟ್ರೋ. ಆ ಬಸ್ರಾದಾಗೆ ಯಾರು ಬಂದು ಸಾರಿಸ್ತಾರೆ? ಅವರವ್ವಂದಿರಿಗೆ ಗೊತ್ತಾ, ಯಾವ ಗಾಡಿ ಅಂತ? ನಮ್ಮ ಮನೆ ಮುಂದೆ ಬಂದು ನಿಂತೈತೆ. ನಾನೇ ಸಾರಿಸ್ದೆ."

ಈ ಲಾರಿಯ ಪರಾಕ್ರಮವನ್ನು ಊರಿಗೆಲ್ಲ ಸಾರಿದವನು ನಾನು. ಅದರಲ್ಲಿ ಮಲಗಿದ್ದವರನ್ನು ನಾನು ಒಂದು ಸಲವೂ ನೆನೆದಿರಲಿಲ್ಲ. ಈರಣ್ಣ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇವಾಗಾದ್ರೂ ಹತ್ತೀಯಾ?" ಎಂದೆ.

"ಇವಾಗ ನಮ್ಮನೆ ನೆಲ ಆತಲ್ಲ. ತಾಳ್ಯಕ್ಕೆ ಯಾವಾಗ ಹೋಗಾಣ?"

ತಗಡು ಬದಲಾಯಿಸಿಯೇ ಹೊರಡಿ ಎಂದ ಈರಣ್ಣನ ಮಾತನ್ನು ಕೇಳಲಿಲ್ಲ. ಮರುದಿನವೇ ಹೊರಟೆವು. ಮ್ಯಾಗ್ನೆಟೋ ಬರುತ್ತದೆಂದು ಮೊದಲೇ ಐಮಂಗಲದಿಂದ ಬಂದಿದ್ದು ಜೊತೆಗೆ ಹೊರಟ ಭಾವನಿಗೆ ಅವ್ವ ತಾಕೀತು ಮಾಡಿದಳು: "ಸಾರಿಸಿದ ನೆಲ, ಮೆಟ್ಟು ಬಿಟ್ಟು ಹತ್ರಿ." ಹೊಸದುರ್ಗ, ಹೊಳಲ್ಕೆರೆ ದಾಟುವವರೆಗೂ ಭಾವ ಮೆಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು, ಕಾಲನ್ನು ನೆಲಕ್ಕೆ ಪೂರಾ ಊರದೆ ಕುಳಿತಿದ್ದರು.

ತಾಳ್ಯದಲ್ಲಿ ಚಿಕ್ಕವ್ವನನ್ನು ನಾನೇ ಎತ್ತಿ ತಂದು ಲಾರಿಯಲ್ಲಿ ಕೂರಿಸಿದೆ. ಅವಳಿಗೂ ಮೋಟಾರು ನೋಡುವ ಆಸೆ. ಅಕ್ಕತಂಗಿಯರು ಆ ನೆಲದ ಮೇಲೆ ಎದುರುಬದುರು ಕುಳಿತು, ಒಂದೇ ಗಂಗಾಳದಲ್ಲಿ ಮುದ್ದೆ ಮುರಿದುಕೊಂಡು ತಿಂದರು. ಸಂಜೆಯವರೆಗೂ ಇಳಿಯಲಿಲ್ಲ. ಹೊರಡೋಣ ಎಂದು ನಾನು ಹಾರ್ನ್ ಒತ್ತಲೂ ಇಲ್ಲ.

ಈಗಲೂ ಅವ್ವ ಸೋಮವಾರ ಲಾರಿ ಸಾರಿಸುತ್ತಾಳೆ. ಪ್ರತಿ ವರ್ಷ ನೆಲ ತುಕ್ಕು ಹಿಡಿಯುತ್ತದೆ, ಈರಣ್ಣ ಬಂದು ನಗುತ್ತ ಕತ್ತರಿಸುತ್ತಾನೆ. ಅವ್ವನಿಗೆ ಬೇಡ ಎನ್ನಬಾರದೇ ಎಂದು ಭಾವ ಕೇಳುತ್ತಾರೆ. ಯಾಕೆ ಎನ್ನಲಿ? ತಗಡು ದುರ್ಗದ ಪೇಟೆಯಲ್ಲಿ ಸಿಗುತ್ತದೆ.