ಹೊಸ ಆಟಕ್ಕೆ ಒಡೆದ ಕಾಯಿ

ಹೊಳೆನರಸೀಪುರದಲ್ಲಿ ನನ್ನ ಗೆಳೆಯನದೊಂದು ತೆಂಗಿನಕಾಯಿ ಮಂಡಿ ಇದೆ. ಕೆಳಗೆ ಕಾಯಿ ರಾಶಿ, ಮೇಲೊಂದು ಕೋಣೆ. ಕೋಣೆಯಲ್ಲಿ ಗೇಮ್ ಆಡುವುದಕ್ಕೆಂದೇ ಜೋಡಿಸಿದ ಕಂಪ್ಯೂಟರು, ನೀಲಿ ಕೆಂಪು ದೀಪ ಮಿನುಗುವಂಥದ್ದು. ನಾನು ಹೈಸ್ಕೂಲ್ ಮೇಷ್ಟ್ರು. ಮೊಬೈಲ್ ಮುಟ್ಟಬೇಡಿ ಎಂದು ಶನಿವಾರ ಬೆಳಿಗ್ಗೆ ಮಕ್ಕಳಿಗೆ ಬುದ್ಧಿ ಹೇಳಿ, ಮಧ್ಯಾಹ್ನ ಆ ಕೋಣೆಯ ಮೆಟ್ಟಿಲು ಹತ್ತುವ ಪೈಕಿ. ಇಬ್ಬರಿಗೂ ನಲವತ್ತು ಹತ್ತಿರವಾಗಿದೆ. ಮನೆಯವರು ಬೈದು ಬೈದು ಸಾಕಾಗಿ ಬಿಟ್ಟಿದ್ದಾರೆ.

ವ್ಯಾಪಾರದಲ್ಲಿ ಗೆಳೆಯ ಯಾರನ್ನೂ ಸುಮ್ಮನೆ ನಂಬುವವನಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದನೆಂದರೆ ಅದರ ಒಳಗೇನಿದೆ ಎಂದು ಹೇಳಿಬಿಡುತ್ತಾನೆ. 'ಮಾಲು ಚೆನ್ನಾಗದೆ' ಎಂದು ಅವನು ಫೋನಿನಲ್ಲಿ ಹೇಳಿದರೆ ಸಾಕು, ಹೊರಗಿನ ವ್ಯಾಪಾರಿಗಳು ಕಣ್ಣಿಂದ ನೋಡದೆಯೇ ಲಾರಿ ಕಳಿಸುತ್ತಿದ್ದರು. ಅವರಪ್ಪನ ಕಾಲದಿಂದ ಉಳಿಸಿಕೊಂಡು ಬಂದ ಮಾತು ಅದು. ಇಂಥ ಮನುಷ್ಯ ಒಂದು ಗೇಮಿನ ಜಾಹೀರಾತನ್ನು ಮಾತ್ರ ಕಣ್ಣುಮುಚ್ಚಿ ನಂಬಿದ.

ಕತ್ತಿ, ಕುದುರೆ, ಕೋಟೆ, ಮಂಜು ಬೀಳುವ ಬೆಟ್ಟಗಳ ಆಟ ಅದು. ಇಂಥ ಆಟ ಭೂಮಿಯ ಮೇಲೆ ಬಂದೇ ಇಲ್ಲ ಎಂದು ವರ್ಷಗಟ್ಟಲೆ ಡಂಗುರ ಹೊಡೆದಿದ್ದರು. ಬಿಡುಗಡೆಯನ್ನು ಮುಂದೂಡಿದಾಗಲೆಲ್ಲ ಗೆಳೆಯನ ಭಕ್ತಿ ಇನ್ನಷ್ಟು ಏರುತ್ತಿತ್ತು. "ಅಡ್ಗೆ ಚೆಂದಾಗಾಗ್ಬೇಕು ಅಂದ್ರೆ ಟೈಮ್ ಬ್ಯಾಡ್ವೇನ್ಲಾ?" ಎನ್ನುತ್ತಿದ್ದ. ನಾನೇನು ಕಡಿಮೆಯವನಲ್ಲ. ಉತ್ತರ ಪತ್ರಿಕೆ ತಿದ್ದುವ ಹೊತ್ತಿನಲ್ಲಿ ಜಾಹೀರಾತಿನ ಆ ಕುದುರೆಯ ಬಾಲ ಗಾಳಿಗೆ ಹೇಗೆ ಹಾರುತ್ತದೆಂದು ಹತ್ತು ಹತ್ತು ಸಲ ನೋಡಿದ್ದೇನೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಆಟಗಾರರೆಲ್ಲ ಸೇರಿದ ನಮ್ಮದೊಂದು ವಾಟ್ಸಾಪ್ ಗುಂಪಿತ್ತು. ಅಲ್ಲಂತೂ ಮನೆಯಲ್ಲಿ ಮದುವೆ ಗೊತ್ತಾದಷ್ಟು ಸಡಗರ.

ಕೊನೆಗೂ ಆಟ ಬಿಡುಗಡೆಯಾಯಿತು, ಭಾನುವಾರ ಬೆಳಿಗ್ಗೆ ಡೌನ್‌ಲೋಡ್ ಮುಗಿಯಿತು. ಹೊಸ ಟ್ರ್ಯಾಕ್ಟರಿಗೆ, ಹೊಸ ಮೋಟಾರಿಗೆ ಪೂಜೆ ಮಾಡುತ್ತೇವೆ, ಇದಕ್ಕೇಕೆ ಬೇಡ ಎಂಬುದು ಗೆಳೆಯನ ವಾದ. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಊದುಬತ್ತಿ ಬೆಳಗಿದ. ನಿಂಬೆಹಣ್ಣು ಇಡಲು ಚಕ್ರವಿಲ್ಲದ್ದರಿಂದ ಮೌಸಿನ ಪಕ್ಕದಲ್ಲಿಟ್ಟ. ಆಮೇಲೆ ಕೆಳಗಿಳಿದು ಹೋಗಿ, ರಾಶಿಯಲ್ಲಿ ಕೈಗೆ ಸಿಕ್ಕ ಕಾಯೊಂದನ್ನು ಅವಸರದಲ್ಲಿ ತಂದು ಒಡೆದ. ಅಲ್ಲಾಡಿಸಿ ನೋಡಲಿಲ್ಲ. ಒಳಗೆ ಪೂರ್ತಿ ಕೊಳೆತಿತ್ತು. ಊದುಬತ್ತಿಯ ಪರಿಮಳ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ನಾನು ಕಿಟಕಿ ತೆಗೆದೆ.

"ಕೆಟ್ಟದ್ದೆಲ್ಲಾ ಕಾಯೊಳ್ಗೇ ಕಳ್ದೋಯ್ತು ಕಣ್ಲಾ. ಇನ್ನು ಆಟ ಸಲೀಸು" ಎಂದ ಗೆಳೆಯ. ನಗುತ್ತಾ ನಾನು ಆ ಕಾಯಿಯ ಫೋಟೋ ತೆಗೆದಿಟ್ಟುಕೊಂಡೆ.

ಆಟ ಶುರುವಾಯಿತು. ನಾಯಕ ಬಂದ, ಅವನ ಮುಖ ಬರಲಿಲ್ಲ. ಗಾಳಿಯಲ್ಲಿ ಎರಡು ಕಣ್ಣು, ಒಂದು ಸಾಲು ಹಲ್ಲು, ಅಷ್ಟೇ. ಆ ಹಲ್ಲುಗಳೇ ನಾಡಿಗಾಗಿ ಪ್ರಾಣ ಕೊಡುವೆನೆಂದು ಭಾಷಣ ಮಾಡಿದವು. ಮಂತ್ರಿ ಮಾತಿನ ನಡುವೆಯೇ ಗೋಡೆಯೊಳಗೆ ನಡೆದುಹೋದ. ನಾವು ವರ್ಷಗಟ್ಟಲೆ ಕಾದಿದ್ದ ಕುದುರೆ ಒಂದು ಮನೆಯ ಸೂರಿನ ಮೇಲೆ ಹತ್ತಿ ನಿಂತಿತು, ಏನು ಮಾಡಿದರೂ ಇಳಿಯಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗೆಳೆಯ ನಗಲಿಲ್ಲ.

"ಅವ್ರೂ ಮನುಸ್ರೇ ಕಣ್ಲಾ. ಒಂದ್ವಾರ ತಡಿ, ಸರಿಯಾಯ್ತದೆ" ಎಂದ.

ಸಂಜೆಯೊಳಗೆ ವಾಟ್ಸಾಪ್ ಗುಂಪು ಇಬ್ಭಾಗವಾಯಿತು. ಹಾಸನದವರು ಹೆಚ್ಚಾಗಿ ಬೈಯುವವರು. ಇದು ಮೋಸ, ಇನ್ನು ಜನ್ಮದಲ್ಲಿ ಈ ಕಂಪನಿಯ ಆಟ ಮುಟ್ಟುವುದಿಲ್ಲ ಎಂದು ಆಣೆ ಮಾಡಿ, ಮಾರನೆಯ ದಿನ ಆಡಿ, ಮತ್ತೆ ಬೈಯುತ್ತಿದ್ದರು. ಚನ್ನರಾಯಪಟ್ಟಣದವರು ಸಮರ್ಥಕರು. ಅವರಲ್ಲೊಬ್ಬ ಮುಂದಾಳು ದಿನವಿಡೀ ಕಂಪನಿಯ ಪರ ವಾದಿಸಿದ. ವಾರವಾದ ಮೇಲೆ ತಿಳಿಯಿತು, ಅವನ ಕಂಪ್ಯೂಟರಿನಲ್ಲಿ ಆ ಆಟ ಓಡುವುದೇ ಇಲ್ಲವಂತೆ. ಆಡದೇ ಇದ್ದುದರಿಂದಲೇ ಅವನ ನಂಬಿಕೆ ಗಟ್ಟಿಯಾಗಿ ಉಳಿದಿತ್ತು. ಅರಕಲಗೂಡು ಕಡೆಯ ಮಲ್ಲಿಪಟ್ಟಣದ ಒಬ್ಬ ರೈತ ಮಾತ್ರ ಎರಡೂ ಕಡೆ ಸೇರದೆ, ಸೂರಿನ ಮೇಲಿನ ಕುದುರೆಯನ್ನು ನೋಡಲೆಂದೇ ಆಡುತ್ತಿದ್ದ. ಹಾಸನ ಎಂಬ ಊರು ಎಲ್ಲಿದೆಯೆಂದೂ ಗೊತ್ತಿಲ್ಲದ ಕಂಪನಿಗಾಗಿ ನಾವು ಗದ್ದೆ ಬದುವಿಗೆ ಜಗಳವಾಡಿದ ಹಾಗೆ ಕಾದಾಡಿದೆವು.

ಗೆಳೆಯ ಸಮರ್ಥಕರ ಕಡೆ ಹೋದ. ನನಗೆ ಉರಿಯಿತು. ಒಂದು ಕಾಯಿ ಕೆಟ್ಟರೆ ರೈತನ ಮಾನ ಕಳೆಯುವವನು ಇಷ್ಟು ದೊಡ್ಡ ಮೋಸಕ್ಕೆ ಕೊಡೆ ಹಿಡಿಯುತ್ತಾನಲ್ಲ ಅನ್ನಿಸಿತು. ಗುಂಪಿನಲ್ಲಿ ಅವನು, "ತಪ್ಪು ಉಡ್ಕೋದೇ ಮೇಷ್ಟ್ರ ಕಸುಬು" ಎಂದು ನನ್ನನ್ನು ಚುಚ್ಚಿ ಬರೆದ. ನೂರು ಜನ ನಗುವ ಚಿತ್ರ ಹಾಕಿದರು. ನಾನು ಬಿಡುತ್ತೇನೆಯೇ? ಮುಖವಿಲ್ಲದ ನಾಯಕನನ್ನೂ ಕೊಳೆತ ಕಾಯಿಯನ್ನೂ ಒಂದೇ ಚಿತ್ರದಲ್ಲಿ ಜೋಡಿಸಿ, ಕೆಳಗೆ ಗೆಳೆಯನ ಮಂಡಿಯ ಹೆಸರು ಹಾಕಿ, 'ಎರಡೂ ಇಲ್ಲಿಯ ಮಾಲೇ' ಎಂದು ಬರೆದು ಕಳಿಸಿದೆ. ಬಿದ್ದು ಬಿದ್ದು ನಕ್ಕರು. ಅಂದು ರಾಗಿಮುದ್ದೆ ಎರಡು ಜಾಸ್ತಿಯೇ ಇಳಿಯಿತು.

ಯಾರೋ ಪುಣ್ಯಾತ್ಮ ಆ ಚಿತ್ರದಿಂದ ನಾಯಕನನ್ನು ಕತ್ತರಿಸಿ ಎಸೆದು, ಕಾಯಿಯನ್ನೂ ಮಂಡಿಯ ಹೆಸರನ್ನೂ ಉಳಿಸಿಕೊಂಡ. ಅದು ಕಾಯಿ ವ್ಯಾಪಾರಿಗಳ ಗುಂಪುಗಳಿಗೆ ಹೋಯಿತು. ಮುಂದಿನ ಭಾನುವಾರ ನಾನು ಮಂಡಿಗೆ ಹೋದಾಗ ಗೆಳೆಯ ಫೋನಿನಲ್ಲಿದ್ದ. ಆ ಕಡೆಯ ವ್ಯಾಪಾರಿಯ ದನಿ ನನಗೂ ಕೇಳುತ್ತಿತ್ತು. "ಬೇಜಾರ್ ಮಾಡ್ಕಬ್ಯಾಡ ಕಣಪ್ಪ, ಈ ಸಲ ನಾನೇ ಬಂದು ನೋಡಿ ತುಂಬುಸ್ಕತೀನಿ." ಗೆಳೆಯ ಆಗಲಿ ಎಂದು ಫೋನಿಟ್ಟು, ನನ್ನ ಮುಖ ನೋಡಿದ.

"ಆಟುಕ್ಕೆ ಬೈಬೇಕಿತ್ತಾ, ಬೈಯಿ. ನನ್ ಕಾಯಿ ಏನ್ಲಾ ಮಾಡಿತ್ತು ನಿಂಗೆ?"

ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಬೇರೆ. "ನಾನು ತಮಾಷೆಗೆ ಆಕಿದ್ದು ಕಣೋ. ಕತ್ತರಿಸಿದ್ದು ಯಾರೋ, ಅದ್ಕೆ ನಾನೇನ್ ಮಾಡ್ಲಿ?" ಎಂದೆ. ಅವನು ರಾಶಿಯ ಕಡೆಗೆ ತಿರುಗಿದ.

ಸ್ವಲ್ಪ ದಿನಕ್ಕೆ ಕಂಪನಿ ಕ್ಷಮೆ ಕೇಳಿತು. ಆಮೇಲೆ ಒಂದೊಂದಾಗಿ ದೋಷ ತಿದ್ದಿತು. ನಾಯಕನಿಗೆ ಮುಖ ಬಂತು, ಕುದುರೆ ನೆಲಕ್ಕಿಳಿಯಿತು. ಬೈದವರೂ ಹೊಗಳಿದವರೂ ಒಟ್ಟಿಗೆ ಆಡತೊಡಗಿದರು. ಕಂಪನಿಗೆ ಮರ್ಯಾದೆಯಿಲ್ಲ, ಕ್ಷಮೆ ಕೇಳುವ ಯೋಗ್ಯತೆಯಿಲ್ಲ ಎಂದು ಪುಟಗಟ್ಟಲೆ ಬರೆದಿದ್ದವನು ನಾನೇ. ನನಗೆ ಮಾತ್ರ ಮಂಡಿಯ ರಸ್ತೆ ತುಳಿಯಲು ತಿಂಗಳುಗಳು ಬೇಕಾದವು. ನಾಚಿಕೆಯಾಗುತ್ತಿತ್ತು, ನಾಚಿಕೆಗಿಂತ ಜಂಬ ದೊಡ್ಡದಿತ್ತು.

ಕೊನೆಗೆ ಮನೆಯಲ್ಲಿ ಪೂಜೆಯಿದೆ, ಕಾಯಿ ಬೇಕು ಎಂಬ ನೆಪ ಮಾಡಿಕೊಂಡು ಹೋದೆ. ಐದನೇ ಕ್ಲಾಸಿನಿಂದ ಅವತ್ತಿನವರೆಗೆ ಅವನು ನನ್ನನ್ನು 'ಲಾ' ಎಂದಲ್ಲದೆ ಕರೆದವನಲ್ಲ.

"ಬನ್ನಿ ಸಾ" ಎಂದ, ಎದ್ದು ನಿಂತು. "ಎಷ್ಟ್ ಕಾಯಿ ಬೇಕಿತ್ತು?"

ಐದು ಎಂದೆ. ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ ಆರಿಸಿದ. ಚೀಲಕ್ಕೆ ಹಾಕುವ ಬದಲು ನನ್ನ ಮುಂದೆ ಸಾಲಾಗಿ ಇಟ್ಟು, ಮಚ್ಚು ಕೈಗೆ ತೆಗೆದುಕೊಂಡ.

"ಒಡ್ದೇ ಕೊಡ್ತೀನಿ ಸಾ. ಒಳ್ಗೆ ನೋಡ್ಕಂಡೇ ತಗಂಡೋಗಿ."