ಪ್ರಮಾಣಪತ್ರವಿಲ್ಲದ ಮೇಷ್ಟ್ರು

ನಮ್ಮ ಮಾತು ಕುದುರೆಯನ್ನು ಗದರಿಸುವುದಕ್ಕೂ ಗಂಜಿ ಬಡಿಸುವುದಕ್ಕೂ ಸಾಕು, ಓದಿಗೆ ಒದಗದು ಎಂದು ಜರ್ಮನ್ ಜಮೀನ್ದಾರರೂ ಅವರ ಪಾದ್ರಿಗಳೂ ನಂಬಿದ್ದ, ನಮ್ಮವರನ್ನೂ ನಂಬಿಸಿದ್ದ ಕಾಲವೊಂದಿತ್ತು. ಆಗ ಎಸ್ಟೋನಿಯನ್ ಮಾತಿನಲ್ಲೇ ಭೂಗೋಳವನ್ನೂ ಗಣಿತವನ್ನೂ ಕಲಿಸಿ ತೋರಿಸಿದ ಕೆಲವೇ ಮಂದಿಯಲ್ಲಿ ಪೂಜ್ಯ ಹಿಂದ್ರೆಕ್ ಪೀರ್ಸಲು ಅವರು ಒಬ್ಬರು. ನಮ್ಮೂರು ಲಾನೆಸೂವಿನ ಶಾಲೆಯ ಸ್ಥಾಪಕರಾಗಿ, ರಾಷ್ಟ್ರೀಯ ಚಳವಳಿಯ ಭಾಷಣಕಾರರಾಗಿ, ಹಳ್ಳಿಹಳ್ಳಿಗೆ ನಡೆದು ಹಾಡಿನ ಮೇಳಗಳನ್ನು ಕಟ್ಟಿದವರಾಗಿ ಅವರ ಹೆಸರು ಪೈಪ್ಸಿ ಸರೋವರದ ಈ ದಡದಲ್ಲೆಲ್ಲ ಗೊತ್ತು. ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅಭಿನಂದನ ಗ್ರಂಥ ಹೊರಡಿಸುತ್ತಿರುವ ಸಮಿತಿಯವರು, ಗುರುಗಳು ಗಡೀಪಾರಿನಿಂದ ಮರಳಿ ಬಂದಲ್ಲಿಗೆ ಲೇಖನವನ್ನು ಮುಗಿಸಬೇಕೆಂದು ನನ್ನನ್ನು ಕೇಳಿಕೊಂಡಿದ್ದಾರೆ. ಆಮೇಲಿನದು ಸಮಾರಂಭಕ್ಕೆ ಒಪ್ಪುವುದಿಲ್ಲವಂತೆ. ನಾನು ಮುಗಿಸುವುದು ಮುಗಿಯಬೇಕಾದ ಕಡೆಯೇ. ಒಂದು ಸಾಲು ಕತ್ತರಿಸುವುದಾದರೆ ಇಡೀ ಲೇಖನವನ್ನೇ ಬಿಟ್ಟುಬಿಡಬಹುದೆಂದು ಸಂಪಾದಕರಿಗೆ ತಿಳಿಸಿದ್ದೇನೆ.

ಗುರುಗಳು ಜಮೀನ್ದಾರರ ಹೊಲದಲ್ಲಿ ಬಿಟ್ಟಿ ದುಡಿದ ಒಕ್ಕಲಿನ ಮಗ. ಶಿಕ್ಷಕರ ತರಬೇತಿ ಶಾಲೆಯಲ್ಲಿ ಎಲ್ಲವೂ ಜರ್ಮನ್ ಭಾಷೆಯಲ್ಲಿ ನಡೆಯುತ್ತಿತ್ತು. ಅವರು ಎಲ್ಲದರಲ್ಲೂ ಮುಂದಿದ್ದರು. ಕೊನೆಯ ಪರೀಕ್ಷೆಯಲ್ಲಿ, ರೈತನ ಮಗುವಿಗೆ ಅಕ್ಷರ ಕಲಿಸುವುದು ಹೇಗೆಂದು ಪರೀಕ್ಷಕರು ಜರ್ಮನ್ನಿನಲ್ಲಿ ಕೇಳಿದರು. ಅವರು ಎಸ್ಟೋನಿಯನ್ನಿನಲ್ಲಿ ಉತ್ತರ ಕೊಟ್ಟರು. ಭಾಷೆ ಬದಲಿಸಲು ಹೇಳಿದಾಗ, ಆ ಮಗುವಿಗೆ ಬರುವುದು ಇದೊಂದೇ ಮಾತು ಎಂದರು. ಪ್ರಮಾಣಪತ್ರ ಕೈಗೆ ಬರಲಿಲ್ಲ. ಈ ಪ್ರಸಂಗವನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಸಭೆಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸದ ಭಾಷಣಕಾರನಿಲ್ಲ.

ಜಮೀನ್ದಾರರು ಜಾಗ ಕೊಡಲಿಲ್ಲ. ಪಾದ್ರಿಗಳು ಪ್ರಾರ್ಥನಾ ಪೀಠದಿಂದಲೇ ಬೇಡವೆಂದರು. ಗುರುಗಳೂ ಅವರ ಪತ್ನಿ ರೀತಮ್ಮನವರೂ ಕಾಳು ಒಣಗಿಸುವ ಕೊಟ್ಟಿಗೆಯೊಂದರಲ್ಲಿ ಶಾಲೆ ತೆರೆದರು. ಎಂಟು ವರ್ಷದ ನಾನು ಅಲ್ಲಿಗೆ ಹೋದಾಗ ಗೋಡೆಗಳು ಹೊಗೆಗೆ ಕಪ್ಪಾಗಿದ್ದವು. ಕರಿಹಲಗೆ ಬೇರೆ ಬೇಕೆನಿಸುತ್ತಿರಲಿಲ್ಲ. ಜೌಗು ದಾಟಿ ಬರುವ ನಮ್ಮ ಕಾಲಿಗೆ ಸುತ್ತಿದ ಬಟ್ಟೆಗಳು ನೆನೆದು ತೊಪ್ಪೆಯಾಗಿರುತ್ತಿದ್ದವು. ನಾವು ಓದುತ್ತಿದ್ದರೆ ಗುರುಗಳು ಅವನ್ನು ಒಲೆಯ ಮೇಲೆ ಹರವಿ, ರೊಟ್ಟಿ ಮಗುಚುವ ಹಾಗೆ ಮಗುಚುತ್ತ, ತಪ್ಪು ಓದಿದವರನ್ನು ಅಲ್ಲಿಂದಲೇ ತಿದ್ದುತ್ತಿದ್ದರು. ಬೆಚ್ಚಗಿನ ಕಾಲಿನಲ್ಲಿ ಮನೆಗೆ ಹೋಗುವ ಸುಖವನ್ನು ನಾನು ಕಂಡದ್ದು ಶಾಲೆಯಿಂದಲೇ.

ಔಗುಸ್ಟ್ ರೀತ್ಸಾರ್ ಎಂಬ ತಬ್ಬಲಿ ಹುಡುಗ ನನ್ನ ಓರಗೆಯವನು. ಕೂಲಿಗೆ ದನ ಕಾಯುತ್ತಿದ್ದ ಅವನನ್ನು ಮೊದಲ ಹಿಮ ಬೀಳುವತನಕ ಯಜಮಾನ ಶಾಲೆಗೆ ಬಿಡುತ್ತಿರಲಿಲ್ಲ. ಗುರುಗಳು ಸಂಜೆಗೆ ಪುಸ್ತಕ ಹಿಡಿದು ಹುಲ್ಲುಗಾವಲಿಗೇ ಹೋಗುತ್ತಿದ್ದರು. ಅವನು ಓದುತ್ತಿದ್ದ, ಚದುರಿದ ದನಗಳನ್ನು ಇವರು ಅಟ್ಟಿ ತರುತ್ತಿದ್ದರು. ದಾರಿಯಲ್ಲಿ ಹೋಗುವವರು ದನ ಕಾಯುವ ಕೆಲಸಕ್ಕೂ ಮೇಷ್ಟ್ರೇ ಬೇಕಾಯಿತೇ ಎಂದು ನಗುತ್ತಿದ್ದರು. ಈ ರೀತ್ಸಾರ್ ಅವರೇ ಇಂದು ಹಾಲಿನ ಸಂಘದ ಅಧ್ಯಕ್ಷರು, ಶಾಲಾ ಸಮಿತಿಯ ಅಧ್ಯಕ್ಷರು, ಅಭಿನಂದನ ಸಮಿತಿಯ ಅಧ್ಯಕ್ಷರೂ ಹೌದು.

ನಮ್ಮನ್ನಾಳುತ್ತಿದ್ದ ರಷ್ಯದ ಚಕ್ರವರ್ತಿಯ ಸರ್ಕಾರ ಎಲ್ಲ ಶಾಲೆಗಳಲ್ಲೂ ರಷ್ಯನ್ ಭಾಷೆಯಲ್ಲೇ ಪಾಠವಾಗಬೇಕೆಂದು ಅಪ್ಪಣೆ ಮಾಡಿದಾಗ ಜರ್ಮನ್ನರ ಕಾಟ ಹೋಗಿ ಬೇರೊಂದು ಬಂದಂತಾಯಿತು. ಎಸ್ಟೋನಿಯನ್ ಮಾತಾಡಿದ ಮಗುವಿನ ಕೊರಳಿಗೆ ಮರದ ಹಲಗೆ ಕಟ್ಟಬೇಕೆಂದು ಇನ್ಸ್‌ಪೆಕ್ಟರರ ಆಜ್ಞೆ. ಅವರು ಮತ್ತೆ ತನಿಖೆಗೆ ಬಂದ ದಿನ ಹಲಗೆ ಗುರುಗಳ ಕೊರಳಿನಲ್ಲೇ ಇತ್ತು. ಕಾರಣ ಕೇಳಿದ್ದಕ್ಕೆ ಗುರುಗಳು ನೇರವಾಗಿ ಹೇಳಿದರು: "ಇವತ್ತು ಬೆಳಿಗ್ಗೆ ಮೊದಲು ಆ ಮಾತಾಡಿದ್ದು ನಾನೇ ಸ್ವಾಮಿ. ಮಕ್ಕಳು ಒಳಗೆ ಬಂದ್ರು, ಬನ್ನಿ ಅಂದೆ."

ಹೆಡ್ಮಾಸ್ಟರಿಕೆ ಹೋಯಿತು. ಗುರುಗಳು ತಾವು ಕಟ್ಟಿದ ಶಾಲೆಯಲ್ಲೇ ಸಹಾಯಕರಾಗಿ ಉಳಿದರು. ಸಾವಿರದ ಒಂಬೈನೂರ ಐದರ ದಂಗೆಯ ಕಾಲಕ್ಕೆ, ನಮ್ಮ ಮಕ್ಕಳಿಗೆ ನಮ್ಮ ಮಾತಿನಲ್ಲಿ ಓದು ಬೇಕು ಎಂದು ಸಭೆಯಲ್ಲಿ ಹೇಳಿದ್ದಷ್ಟೇ ಅವರ ಅಪರಾಧ. ದಂಡಿನವರು ಬಂದು ಶಾಲೆಗೆ ಬೆಂಕಿಯಿಟ್ಟರು. ಗುರುಗಳನ್ನು ಉತ್ತರದ ಕಾಡುಸೀಮೆಗೆ ಗಡೀಪಾರು ಮಾಡಿದರು. ಆ ವರ್ಷಗಳಲ್ಲಿ ರೀತಮ್ಮನವರು ಒಂದು ಆವಿಸ್ನಾನದ ಕೋಣೆಯಲ್ಲಿ, ಆವಿ ಎಬ್ಬಿಸಲು ಕಾಯಿಸುವ ಕಲ್ಲುಗಳ ಪಕ್ಕದಲ್ಲಿ ಮಕ್ಕಳನ್ನು ಕೂರಿಸಿ ಪಾಠ ನಡೆಸಿದರು, ನಾನು ಜೊತೆಗಿದ್ದೆ. ಕೆಮ್ಮು ಅವರನ್ನು ತಿಂದುಹಾಕಿತು. ಚಕ್ರವರ್ತಿ ಬಿದ್ದ ಮೇಲೆ ಗುರುಗಳು ಮರಳಿ ಬಂದು, ಹೆಂಡತಿಯ ಸಮಾಧಿಗೆ ಹೋಗಿ, ಮಾರನೆಯ ಬೆಳಿಗ್ಗೆ ಪಾಠಕ್ಕೆ ನಿಂತರು. ಅವರು ಅತ್ತದ್ದನ್ನು ನಾನು ನೋಡಿಲ್ಲ. ಓದಿಸುವಾಗ ನಡುವೆ ನಿಲ್ಲಿಸಿ, ಎಲ್ಲಿದ್ದೆವು ಎಂದು ಮಕ್ಕಳನ್ನು ಕೇಳುವ ಅಭ್ಯಾಸ ಮಾತ್ರ ಆಗ ಶುರುವಾಯಿತು.

ಸಮಿತಿಯ ಅಪೇಕ್ಷೆಯಂತೆ ಲೇಖನ ಇಲ್ಲಿಗೆ ಮುಗಿಯಬೇಕಿತ್ತು.

ನಮ್ಮದೇ ಗಣರಾಜ್ಯ ಬಂತು, ನಮ್ಮದೇ ಧ್ವಜ ಏರಿತು. ಲಾನೆಸೂವಿಗೆ ಇಟ್ಟಿಗೆಯ ಶಾಲೆಯಾಯಿತು. ಅಡಿಗಲ್ಲಿನ ದಿನ ರೀತ್ಸಾರ್ ಅವರು ಪರೀಕ್ಷೆಯ ಪ್ರಸಂಗವನ್ನು ವರ್ಣಿಸಿ, ಆ ಸಿಗದ ಪ್ರಮಾಣಪತ್ರವೇ ನಮ್ಮ ಸೀಮೆಯ ಕಿರೀಟ ಎಂದು ಕಣ್ಣೊರೆಸಿಕೊಂಡರು.

ಸರೋವರದ ಅಂಚಿನಲ್ಲಿ, ತಮ್ಮ ಹಳೆಯ ನಂಬಿಕೆಯನ್ನು ಬಿಡಲೊಲ್ಲದೆ ಚಕ್ರವರ್ತಿಗಳಿಗೆ ಹೆದರಿ ಎಷ್ಟೋ ತಲೆಮಾರಿನ ಹಿಂದೆ ಓಡಿಬಂದು ನೆಲೆಸಿದ ರಷ್ಯನ್ನರಿದ್ದಾರೆ. ಈರುಳ್ಳಿ ಬೆಳೆದು, ಮೀನು ಒಣಗಿಸಿ ಬದುಕುವ ಜನ. ಸಮೀಪದ ಶಾಲೆ ನಮ್ಮದೇ ಆದ್ದರಿಂದ ಅವರ ಕೆಲವು ಮಕ್ಕಳು ಇಲ್ಲಿಗೆ ಬಂದರು. ಒಂದು ಚಳಿಗಾಲವೆಲ್ಲ ಮೂಕರಂತೆ ಕೂತಿದ್ದ ಅವರನ್ನು ಗುರುಗಳು ಮುಂದಿನ ಬೆಂಚಿಗೆ ಕರೆದು, ಮೊದಲ ಅಕ್ಷರಗಳನ್ನು ರಷ್ಯನ್ನಿನಲ್ಲೇ ಕಲಿಸಿದರು. ಆಮೇಲೆ ನಮ್ಮ ಮಾತಿಗೆ ದಾಟಿಸುವುದು ಅವರ ಯೋಚನೆ. ಮಕ್ಕಳಿಗೆ ಬಾಯಿ ಬಂತು. ಊರಿಗೂ ಬಂತು.

ಶಾಲಾ ಸಮಿತಿಯ ಸಭೆಯಲ್ಲಿ ಶಿಕ್ಷಕರ ಪ್ರತಿನಿಧಿಯಾಗಿ ನಾನಿದ್ದೆ. ರೀತ್ಸಾರ್ ಅವರು ಮೊದಲಿಗೆ ವಿನಯದಿಂದಲೇ ಕೇಳಿದರು.

"ಆ ಭಾಷೆಗೋಸ್ಕರ ಅಲ್ವಾ ಮೇಷ್ಟ್ರೇ ನಿಮ್ಮನ್ನ ಕಾಡಿಗಟ್ಟಿದ್ದು? ರೀತಮ್ಮ ಸತ್ತದ್ದು? ಈಗ ಅದನ್ನೇ ತಂದು ಮುಂದಿನ ಬೆಂಚಲ್ಲಿ ಕೂರಿಸ್ತೀರಲ್ಲ."

"ನನ್ನನ್ನ ಅಟ್ಟಿದ್ದು ಸರ್ಕಾರ ಕಣಪ್ಪಾ. ಈ ಮಕ್ಕಳ ಅವ್ವಂದಿರಲ್ಲ."

"ಜನ ಹಾಗೆ ನೋಡೋಲ್ಲ. ನಮ್ಮ ರಾಜ್ಯದಲ್ಲಿ ನಮ್ಮ ಮಾತು ಕಲೀಲಿ."

"ಕಲೀತಾರೆ, ನೀನು ಕಲಿತ ಹಾಗೇ. ಮೊದಲು ಅವ್ವನ ಮಾತಲ್ಲಿ ಓದಲಿ ಬಿಡು."

ಸಭೆ ಗದ್ದಲವಾಯಿತು. ದೇಶದ್ರೋಹಿ ಎಂಬ ಮಾತು ಹಿಂದಿನ ಸಾಲಿನಿಂದ ಕೇಳಿತು. ಹೇಳಿದವರು ಯಾರೆಂದು ಯಾರೂ ತಿರುಗಿ ನೋಡಲಿಲ್ಲ. ಆಗ ರೀತ್ಸಾರ್ ಅವರು ದನಿ ತಗ್ಗಿಸಿ, ಇಲಾಖೆಯ ಹೊಸ ನಿಯಮದ ಪ್ರಕಾರ ಪ್ರಮಾಣಪತ್ರವಿಲ್ಲದವರು ಪಾಠ ಹೇಳುವಂತಿಲ್ಲ, ತಮ್ಮ ಕೈ ಕಟ್ಟಿಹೋಗಿದೆ ಎಂದರು. ಆ ನಿಯಮ ಬಂದು ವರ್ಷಗಳಾಗಿದ್ದವು. ಹಳಬರಿಗೆ ವಿನಾಯಿತಿ ಕೇಳುವ ಅವಕಾಶವೂ ಅದರಲ್ಲಿತ್ತು. ಗುರುಗಳು ಅವರ ಕಡೆ ತಿರುಗಿದರು.

"ಬೇರೆ ಏನಾದ್ರೂ ಕಾರಣ ಹುಡುಕಬಾರದಿತ್ತೇನೋ, ಔಗುಸ್ಟ್?"

ಗುರುಗಳನ್ನು ಕೆಲಸದಿಂದ ತೆಗೆಯುವ ಠರಾವಿಗೆ ವಿರೋಧವಾಗಿ ಎದ್ದದ್ದು ನನ್ನ ಕೈಯೊಂದೇ. ಉಳಿದ ಕೈಗಳಿಗೆಲ್ಲ ಬಳಪ ಹಿಡಿಯಲು ಕಲಿಸಿದವರು ಅವರೇ. ಜರ್ಮನ್ನರು ಪ್ರಮಾಣಪತ್ರ ಕೊಡಲಿಲ್ಲ, ರಷ್ಯನ್ನರು ಅದಿಲ್ಲವೆಂದು ಕೆಲಸದಿಂದ ತೆಗೆಯಲಿಲ್ಲ. ಆ ಕೆಲಸವನ್ನು ನಾವು ಮಾಡಿ ಪೂರೈಸಿದೆವು. ಅವರೊಂದಿಗೆ ನಾನೂ ಕೆಲಸ ಬಿಟ್ಟುಬಿಡುತ್ತೇನೆಂದಾಗ ಗುರುಗಳು ಗದರಿದರು. "ನೀನೂ ಬಂದ್ಬಿಟ್ರೆ ಇಲ್ಲಿರೋ ಮಕ್ಕಳನ್ನ ಯಾರ ಕೈಗೆ ಹಾಕಿ ಹೋಗೋಣ, ಆಲ್ಮಾ?" ಉಳಿದೆ.

ಶಾಲೆಯ ಮನೆಯನ್ನು ತೆರವು ಮಾಡಿದ ಗುರುಗಳಿಗೆ ಊರಿನಲ್ಲಿ ಯಾರ ಮನೆಯಲ್ಲೂ ಕೋಣೆ ಖಾಲಿಯಿರಲಿಲ್ಲ. ದಡದ ರಷ್ಯನ್ನರ ಹಳ್ಳಿಯ ಉಲ್ಯಾನಾ ಎಂಬ ವಿಧವೆ, ಮೂಕರಂತಿದ್ದ ಮಕ್ಕಳಲ್ಲಿ ಇಬ್ಬರ ತಾಯಿ, ಗಾಡಿ ತಂದು ಅವರ ಪುಸ್ತಕಗಳನ್ನು ಹೇರಿಕೊಂಡು ಹೋದಳು. ಅವಳ ಮನೆಗೆ ತಗುಲಿದ, ಈರುಳ್ಳಿ ತೂಗುಹಾಕುವ ಕೋಣೆ ಈಗ ಅವರ ಮನೆ, ಶಾಲೆಯೂ ಅದೇ. ಆ ಜನ ಬೇರೆ ನಂಬಿಕೆಯವರೊಡನೆ ಪಾತ್ರೆ ಹಂಚಿಕೊಳ್ಳುವುದಿಲ್ಲ. ನಾನು ನೋಡಲು ಹೋದಾಗ ಅವಳು ಗುರುಗಳ ಮುಂದೆ ಮೀನಿನ ಸಾರು ಇಟ್ಟು, ಸಂಕೋಚದಿಂದ ಹೇಳಿದಳು: "ನಮ್ಮ ಬಟ್ಟಲು ಕೊಡೋ ಹಾಗಿಲ್ಲ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಇದು ನಿಮಗೇ ಅಂತ ಸಂತೆಯಿಂದ ಹೊಸದು ತಂದೆ."

"ನಮ್ಮ ಊರಲ್ಲಿ ಹಳೇದೂ ಸಿಗಲಿಲ್ಲ ತಾಯಿ," ಎಂದು ಗುರುಗಳು ಸಾರಿಗೆ ರೊಟ್ಟಿ ಮುರಿದು ಹಾಕಿದರು.

ಸಮಾರಂಭದ ಆಹ್ವಾನವನ್ನು ಕೊಟ್ಟುಬರಲು ಸಮಿತಿ ನನ್ನನ್ನೇ ಕಳಿಸಿತು. ವಾದ್ಯಮೇಳವಿದೆ, ಓಕ್ ಎಲೆಯ ಹಾರವಿದೆ, ಜಿಲ್ಲೆಯ ಗಣ್ಯರು ಬರುತ್ತಾರೆ ಎಂದೆ. ಬರುವ ಶರತ್ಕಾಲಕ್ಕೆ ಈ ಹಳ್ಳಿಯಿಂದ ಹೊಸದಾಗಿ ಶಾಲೆ ಸೇರುವ ಮಕ್ಕಳಿಗೆ ಮೊದಲ ಅಕ್ಷರ ಅವರ ಮಾತಿನಲ್ಲಿ ಕಲಿಸುತ್ತಾರೆಯೇ ಎಂದು ಮಾತ್ರ ಗುರುಗಳು ಕೇಳಿದರು. ಆ ಪ್ರಶ್ನೆಯನ್ನು ನಾನು ಸಮಿತಿಗೆ ಒಪ್ಪಿಸಿದೆ. ಸಂತೋಷದ ಸಂದರ್ಭದಲ್ಲಿ ಆ ವಿಷಯ ಬೇಡವೆಂದು ಉತ್ತರ ಬಂತು. ಅದನ್ನು ತಿಳಿಸಿದಾಗ ಗುರುಗಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಅವತ್ತು ನನಗೆ ಪಾಠ ಇದೆ ಅಂತ ಹೇಳು," ಎಂದರು.

ಆದ್ದರಿಂದ ಈ ಗ್ರಂಥ ಬಿಡುಗಡೆಯಾಗುವ ಹೊತ್ತಿಗೆ ವೇದಿಕೆಯ ನಡುವಿನ ಕುರ್ಚಿ ಖಾಲಿಯಿರುತ್ತದೆ. ಹಾರ ಹಾಕಲೇಬೇಕೆನ್ನುವವರು ದಡದ ಹಳ್ಳಿಗೆ ಹೋಗಬಹುದು. ಬಾಗಿಲಲ್ಲಿ ಬೂಟು ಕಳಚಿ, ಪಾಠ ಮುಗಿಯುವತನಕ ಹೊರಗೆ ನಿಲ್ಲಬೇಕಾದೀತು. ಎರಡು ಭಾಷೆಗಳಲ್ಲಿ ಪಾಠವಾದ್ದರಿಂದ ಹೊತ್ತಾಗುತ್ತದೆ.

ಪೂಜ್ಯ ಗುರುಗಳು ಆರೋಗ್ಯದಿಂದಿರಲಿ, ಅವರ ಕಣ್ಣಿಗೆ ದೀಪದ ಬೆಳಕು ಸಾಕಾಗುತ್ತಿರಲಿ, ಅವರ ಕೆಲಸ ನಿಲ್ಲದಿರಲಿ. ನಮಗೆ ನಾಚಿಕೆ ಎನ್ನುವುದು ಬರುವ ದಿನದವರೆಗೆ ಅವರು ಬದುಕಿರಲಿ ಎಂದು ಹಾರೈಸುತ್ತೇನೆ. ಹಾಗೆ ಹಾರೈಸುವಾಗ, ಮನುಷ್ಯಮಾತ್ರರಿಗೆ ಸಲ್ಲದಷ್ಟು ದೀರ್ಘಾಯುಷ್ಯವನ್ನು ಬೇಡುತ್ತಿದ್ದೇನೆಂಬ ಅರಿವು ನನಗಿದೆ.