ಅಟ್ಟದ ಮೇಲಿನ ಕಾಯಿ

ಕೊಬ್ಬರಿಗೆಂದು ತೆಂಗಿನಕಾಯಿಗಳನ್ನು ಅಟ್ಟಕ್ಕೇರಿಸಿ ಕೆಳಗಿಳಿದ ಅಪ್ಪ, ತುಂಬು ಬಸುರಿಯಾಗಿದ್ದ ನನ್ನನ್ನು ನೋಡಿ ನಕ್ಕರು. "ಇವು ಒಣಗಿ ಕೊಬ್ಬರಿ ಆಗೋ ಹೊತ್ಗೆ ನಿನ್ ಮಗೀಗೆ ಹಲ್ಲು ಬಂದಿರ್ತವೆ ಕಣವ್ವ." ಮರುದಿನ ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಅರಸೀಕೆರೆ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು.

ಮುಂದಿನ ತಿಂಗಳು ಮಗಳು ಹುಟ್ಟಿದಳು. ಅವ್ವ ಒಂಟಿಯಾಗಬಾರದೆಂದು ನಾವು ಬೇಲೂರಿನ ಬಾಡಿಗೆ ಮನೆ ಬಿಟ್ಟು ಜಾವಗಲ್‌ನ ತವರುಮನೆಗೇ ಬಂದೆವು. ತೋಟದ ಕೆಲಸವೇ ತಿಳಿಯದ ನನ್ನ ಗಂಡ ತೆಂಗಿಗೆ ನೀರು ಕಟ್ಟಲು ಕಲಿತರು. ಆದರೆ ಅಟ್ಟದ ಕಾಯಿ ಒಣಗಿದೆಯೇ ಎಂದು ಹೇಳಲು ನಮ್ಮಿಬ್ಬರಿಗೂ ಬರುತ್ತಿರಲಿಲ್ಲ. ಅವಸರಪಟ್ಟು ಒಂದನ್ನು ಸುಲಿದು ಒಡೆದಾಗ ನೀರು ಚೆಲ್ಲಿತು. "ನಿಮ್ಮ ಮಾವ ಇದ್ದಿದ್ರೆ ಉಗಿಯೋರು" ಎಂದು ಅಳಿಯನಿಗೆ ಹೇಳಿದ ಅವ್ವ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮೊನ್ನೆ ಅವ್ವ ತಾನೇ ಒಂದು ಕಾಯಿ ಇಳಿಸಿ, ಅಪ್ಪ ಮಾಡುತ್ತಿದ್ದಂತೆ ಕಿವಿಯ ಬಳಿ ಅಲ್ಲಾಡಿಸಿದಳು. ಆಮೇಲೆ ಮಗುವಿನ ಕಿವಿಗೂ ಹಿಡಿದಳು. ಒಳಗೆ ಕೊಬ್ಬರಿ ಲೊಡಲೊಡ ಎಂದಿತು. ಮಗು ಕೇಕೆ ಹಾಕಿತು. "ನಿಮ್ ತಾತನ ಗಿಲಕಿ ಕಣೇ ಇದು!" ಎಂದು ಅವ್ವನೂ ನಕ್ಕಳು, ವರ್ಷದಲ್ಲಿ ಮೊದಲ ಸಲ.

ಆ ಕೊಬ್ಬರಿಯ ಹೋಳಿನ ಮೇಲೆ ಮಗಳ ಎರಡು ಹಲ್ಲಿನ ಗುರುತು ಮೂಡಿದೆ. ನೋಡಲು ಅಪ್ಪ ಇಲ್ಲ.